ಅವಳು ಹೇಳಬ್ಯಾಡ ಅಂದ ಮಾತು

ಹೈದರಾಬಾದಿನ ಆ ಹೆರಿಗೆ ದವಾಖಾನೆಯಲ್ಲಿ ನನ್ನ ಕೆಲಸ ಚೀಟಿ ಬರೆಯುವುದು. ಬಂದವರ ಹೆಸರು, ವಯಸ್ಸು, ಎಷ್ಟನೆಯ ತಿಂಗಳು, ಎಲ್ಲಿಂದ ಬಂದರು, ಇಷ್ಟನ್ನು ಕಂಪ್ಯೂಟರಿಗೆ ಹಾಕಿ, ಕಾರ್ಡು ಕೊಟ್ಟು, ಕೂಡಲು ಬೆಂಚು ತೋರಿಸಬೇಕು. ದೊಡ್ಡ ದವಾಖಾನೆಯೇನಲ್ಲ, ನಾಲ್ಕು ಜನ ಸೇರಿ ಬಡವರಿಗಾಗಿ ನಡೆಸುವಂಥದು. ಕೊಂಡಾಪುರದ ಕಡೆ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಲ್ಲಿ ಇಟ್ಟಿಗೆ, ಸಿಮೆಂಟು ಹೊರುವ ಹೆಣ್ಣುಮಕ್ಕಳು ಅಲ್ಲಿಗೇ ಬರುತ್ತಿದ್ದರು. ಅವರಲ್ಲಿ ಯಾದಗಿರಿ, ರಾಯಚೂರು ಕಡೆಯವರು ಭಾಳ. ಡಾಕ್ಟರಿಗೂ ನರ್ಸುಗಳಿಗೂ ತೆಲುಗು, ಹಿಂದಿ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಹಾಗಾಗಿ ಕನ್ನಡದ ಹೆಂಗಸೊಬ್ಬಳು ಒಳಗೆ ಹೋದ ಕೂಡಲೇ ನನ್ನನ್ನು ಕರೆಯುತ್ತಿದ್ದರು. ನಾನು ಕೌಂಟರು ಬಿಟ್ಟು ಹೋಗಿ ಡಾಕ್ಟರ ಮೇಜಿನ ಪಕ್ಕ ನಿಂತು ಆ ಕಡೆಯ ಮಾತು ಈ ಕಡೆಗೆ, ಈ ಕಡೆಯ ಮಾತು ಆ ಕಡೆಗೆ ದಾಟಿಸುತ್ತಿದ್ದೆ.

ನಾವು ಕಲಬುರಗಿ ಕಡೆಯವರು. ನನ್ನ ಮನೆಯವರಿಗೆ ರೈಲ್ವೆಯಲ್ಲಿ ನೌಕರಿ, ಮನೆ ಮಲ್ಕಾಜ್‌ಗಿರಿಯಲ್ಲಿ. ಆಗ ಮದುವೆಯಾಗಿ ಎಂಟು ವರ್ಷವಾಗಿತ್ತು. ಎರಡು ಸಲ ಬಸುರಾಗಿ, ಎರಡೂ ಸಲ ಮೂರು ತಿಂಗಳು ತುಂಬುವ ಮೊದಲೇ ಇಳಿದುಹೋಗಿತ್ತು. ಎರಡನೆಯ ಸಲವಂತೂ ನಾನು ಚಹಾ ಬಿಟ್ಟಿದ್ದೆ, ಮೆಟ್ಟಿಲು ಹತ್ತುವುದು ಬಿಟ್ಟಿದ್ದೆ, ಪಪ್ಪಾಯಿ ಮಾರುವ ಗಾಡಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ. ಇಷ್ಟೆಲ್ಲ ಆದಮೇಲೆ ದಿನಾ ಬಸುರಿಯರ ಹೆಸರು ಬರೆಯುವ ಕೆಲಸ ಯಾಕೆ ಹಿಡಿದೆ ಅಂತ ನನ್ನ ತಂಗಿ ಕೇಳಿದ್ದಳು. ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡುವುದಕ್ಕಿಂತ ವಾಸಿ ಅನ್ನಿಸಿತ್ತು.

ಅವಳು ಬಂದದ್ದು ಬೇಸಗೆ ಇನ್ನೂ ಪೂರ್ತಿ ಏರದ ಒಂದು ಬೆಳಿಗ್ಗೆ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಚೊಚ್ಚಲು ಬಸುರಿ, ನಾಲ್ಕನೆಯ ತಿಂಗಳು. ಕೆನ್ನೆ ಒಳಗೆ ಹೋಗಿ, ಮೊಣಕೈ ಎಲುಬು ಚೂಪಾಗಿ ಎದ್ದಿತ್ತು. ಊರು ಯಾವುದೆಂದು ಕೇಳಿದಾಗ ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಹೆಸರು ಹೇಳಿ, ನಾನು ಕನ್ನಡದಲ್ಲಿ ಮಾತಾಡುತ್ತಿದ್ದೇನೆಂಬುದು ಆಗ ತಿಳಿದವಳಂತೆ ನಕ್ಕಳು.

"ಅಕ್ಕಾರ, ನೀವು ನಮ್ಮ ಕಡಿಯವರೇನ್ರಿ?"

"ಕಲಬುರಗಿ ಕಡೆ ನಮ್ದು."

"ಹಂಗಾರ ಚಲೋ ಆತು ಬಿಡ್ರಿ. ಇಲ್ಲಿ ಯಾರ ಹಂತ್ಯಾಕ ಮಾತಾಡಬೇಕಂತ ತಿಳಿವಲ್ದಾಗಿತ್ತು."

ಒಳಗಿದ್ದವರು ಹೊಸದಾಗಿ ಸೇರಿದ್ದ ಎಳೆಯ ಡಾಕ್ಟರಮ್ಮ. ಕೆಟ್ಟವರಲ್ಲ, ಹೊರಗೆ ಅರವತ್ತು ಜನ ಕಾಯುತ್ತಿದ್ದುದರಿಂದ ಗಡಿಬಿಡಿ. ಪರೀಕ್ಷೆ ಮಾಡಿ, ರಕ್ತ ಕಮ್ಮಿ ಇದೆ, ತೂಕ ಕಮ್ಮಿ ಇದೆ, ಏನು ತಿನ್ನುತ್ತಾಳೆ ಕೇಳಿ ಅಂದರು. ಅವಳು ನನ್ನ ಮುಖ ನೋಡಿ ಹೇಳಿದಳು, "ತಿಂದಿದ್ದೆಲ್ಲ ವಾಂತಿ ಆಗತೈತ್ರಿ. ನೀರ ಕುಡಿದ್ರೂ ನಿಂದ್ರಂಗಿಲ್ಲ. ಮೊದಲನೇ ತಿಂಗಳದಿಂದಾನೂ ಹಿಂಗ ಐತಿ."

ಊರ ಮದ್ದು ಏನಾದರೂ ತಗೊಳ್ಳುತ್ತಿದ್ದಾಳಾ ಎಂದು ಡಾಕ್ಟರಮ್ಮ ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಕೇಳಿದೆ. ಅವಳು ಬಾಗಿಲ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು.

"ನಮ್ಮತ್ತಿ ಗಾಂಜಿ ಸೊಪ್ಪು ಅರದು, ಬೆಲ್ಲದಾಗ ಕಲಸಿ, ಕಡ್ಲಿಕಾಳಷ್ಟು ಗುಳಿಗಿ ಮಾಡಿ ಕೊಡ್ತಾಳ್ರಿ. ಅದನ್ನ ತಗೊಂಡ ದಿನ ಅರ್ಧ ರೊಟ್ಟಿ ಒಳಗ ನಿಂದ್ರತೈತಿ. ಅಕ್ಕಾರ, ಇದನ್ನ ಡಾಕ್ಟರಿಗೆ ಹೇಳಬ್ಯಾಡ್ರಿ."

ನಾನು ಒಂದು ಲೋಟ ಚಹಾಕ್ಕೂ ಹೆದರಿದವಳು. ಇವಳು ಗಾಂಜಾ ತಿಂದು ನಾಲ್ಕನೆಯ ತಿಂಗಳಿನ ಬಸುರು ಹೊತ್ತು ನನ್ನ ಮುಂದೆ ನಿಂತಿದ್ದಾಳೆ. ಆ ಹೊತ್ತಿಗೆ ನನಗೆ ಕಂಡದ್ದು ಅವಳ ಎಲುಬಲ್ಲ, ಹೊಟ್ಟೆ ಮಾತ್ರ. ನಾನು ಡಾಕ್ಟರಮ್ಮನ ಕಡೆ ತಿರುಗಿ, "ಗಂಜಾಯಿ ತಿಂಟೋಂದಂಟ" ಅಂದೆ. ತಿನ್ನುತ್ತಾಳಂತೆ ಅನ್ನುವಾಗ ನನ್ನ ತುಟಿ ಸೊಟ್ಟಗಾಗಿತ್ತು, ಅದು ನನಗೇ ಗೊತ್ತು. ತೆಲುಗು ಬಾರದಿದ್ದರೇನು, ಆ ಒಂದು ಶಬ್ದ ಎರಡು ಭಾಷೆಯಲ್ಲೂ ಹೆಚ್ಚುಕಮ್ಮಿ ಅದೇ. ಅವಳು ಕೇಳಿಸಿಕೊಂಡಳು. ನನ್ನ ಮುಖದಿಂದ ಕಣ್ಣು ತೆಗೆದು ನೆಲಕ್ಕೆ ಇಟ್ಟಳು.

ಡಾಕ್ಟರಮ್ಮ, ಇವತ್ತೇ ನಿಲ್ಲಿಸಬೇಕು, ಮಗುವಿಗೆ ಒಳ್ಳೆಯದಲ್ಲ ಅಂತ ಹೇಳಿ ಮಾತ್ರೆ ಬರೆದರು. ಅಷ್ಟಕ್ಕೇ ಮುಗಿಯಬಹುದಿತ್ತು. ಬಾಗಿಲಲ್ಲಿದ್ದ ನರ್ಸು ಕೇಳಿಸಿಕೊಂಡಿದ್ದಳು. ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ, ತಾಯಿಯಾಗುವವಳು ಮಾಡುವ ಕೆಲಸವಾ ಇದು, ಪೊಲೀಸರಿಗೆ ತಿಳಿಸಿದರೆ ಹುಟ್ಟಿದ ಕೂಸನ್ನೂ ಕಸಿದುಕೊಂಡು ಹೋಗುತ್ತಾರೆ ಅಂತ ಹಿಂದಿಯಲ್ಲಿ ಕೂಗಾಡಿದಳು. ನೆಲ ಒರೆಸುವ ಆಯಾ, ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ, ಛೀ ಅಂದಳು. ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ಸೆರಗು ಸರಿಸಿಕೊಂಡು ಆಚೆ ಜರುಗಿದಳು. ಅವಳು ಮಾತ್ರೆ ತಗೊಳ್ಳದೆ ಗೇಟು ದಾಟಿ ಹೋದಳು. ನಾನು ಕೌಂಟರಿಗೆ ಬಂದು ಮುಂದಿನವರ ಹೆಸರು ಕೇಳಿದೆ.

ಸಂಜೆ ಮನೆಗೆ ಬಂದು, ಒಂದು ಕೂಸನ್ನು ಉಳಿಸಿ ಬಂದವಳ ಹಾಗೆ ಇದನ್ನೆಲ್ಲ ನನ್ನ ಮನೆಯವರಿಗೆ ಹೇಳಿದೆ. ಅವರು ಬೂಟು ಬಿಚ್ಚುತ್ತ ಪೂರ್ತಿ ಕೇಳಿದರು.

"ಹೇಳಬೇಕಿತ್ತು, ಖರೆ ಅದ," ಅಂದರು. "ಆದ್ರ ಆಕಿ ಬ್ಯಾಡ ಅಂದಿದ್ದಳಲ್ಲ. ಹೇಳೋಕಿಂತ ಮೊದಲ ಆಕಿಗೆ ಒಂದು ಮಾತು ತಿಳಿಸಿ ಹೇಳಬಹುದಿತ್ತಲ್ಲ?"

"ನಿಮಗೇನು ಗೊತ್ತಾಗ್ತದ," ಅಂದು ನಾನು ಒಳಗೆ ಹೋದೆ.

ಅವಳ ಮುಂದಿನ ತಪಾಸಣೆಯ ದಿನ ಬಂತು, ಹೋಯಿತು. ಅವಳು ಬರಲಿಲ್ಲ. ಕಂಪ್ಯೂಟರಿನಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗುರುತು ಬಿತ್ತು. ಎರಡು ವಾರ ಅದನ್ನು ದಿನಾ ನೋಡಿದೆ. ಎಷ್ಟೋ ಜನ ಹೀಗೆ ಬಿಟ್ಟುಹೋಗುತ್ತಾರೆ, ಊರಿಗೆ ಹೋಗುತ್ತಾರೆ, ಬೇರೆ ದವಾಖಾನೆಗೆ ಹೋಗುತ್ತಾರೆ. ಹಾಗೆಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಕಣ್ಣು ನೆಲಕ್ಕೆ ಇಳಿದ ಆ ಗಳಿಗೆ ಅಡಿಗೆ ಮಾಡುವಾಗ, ರೈಲಿನಲ್ಲಿ ನಿಂತಾಗ, ಎಲ್ಲಿ ಬೇಕೆಂದರಲ್ಲಿ ನೆನಪಾಗುತ್ತಿತ್ತು. ಕೊನೆಗೆ ಒಂದು ಭಾನುವಾರ ಕಾರ್ಡಿನಲ್ಲಿದ್ದ ವಿಳಾಸ ಬರೆದುಕೊಂಡು ಹೊರಟೆ. ಸಿಕಂದರಾಬಾದಿನಲ್ಲಿ ರೈಲು ಬದಲಿಸಿ, ಹಫೀಜ್‌ಪೇಟೆಯಲ್ಲಿ ಇಳಿದು, ಶೇರ್ ಆಟೋ ಹಿಡಿದು ಕೊಂಡಾಪುರ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಹದಿನೆಂಟು ಅಂತಸ್ತಿನ ಕಟ್ಟಡ. ಅದರ ಹಿಂದೆ ತಗಡಿನ ಶೆಡ್ಡುಗಳ ಸಾಲು. ಒಂದೊಂದು ಶೆಡ್ಡಿನ ಮುಂದೆಯೂ ಮೂರು ಕಲ್ಲಿನ ಒಲೆ, ನೀರಿನ ಡ್ರಮ್ಮು. ಕೇಳುತ್ತ ಹೋದೆ. ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದ ಅವಳ ಅತ್ತೆ, ನಾನು ಎಲ್ಲಿಂದ ಬಂದೆ ಅಂತ ತಿಳಿದ ಕೂಡಲೇ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಪೊಲೀಸರ್ನ ಕರಕೊಂಡ ಬಂದೀರೇನು?"

"ಇಲ್ಲಬೇ. ಒಬ್ಬಾಕಿನ ಬಂದೀನಿ. ಆಕಿನ ನೋಡಿ ಹೋಗ್ತೀನಿ."

"ನಾವೇನು ಕಳ್ಳರಲ್ರಿ. ನಮ್ಮ ಅಜ್ಜಾರ ಮಠದಾಗ ಅಮಾಸಿಗೊಮ್ಮಿ ಈ ಸೊಪ್ಪು ಗದ್ದಿಗಿ ಮ್ಯಾಲ ಇಟ್ಟು ಎಲ್ಲಾರಿಗೂ ಪ್ರಸಾದ ಕೊಡ್ತಾರ. ನನ್ನ ಗಂಡ ತಗೋತಿದ್ದ, ನಮ್ಮಪ್ಪ ತಗೋತಿದ್ದ. ನಾನೂ ಬಸರಿದ್ದಾಗ ತಗೊಂಡು ಐದು ಹಡದೀನಿ. ದೇವರ ಮುಂದ ಇಟ್ಟಿದ್ದು ವಿಷ ಹೆಂಗ ಆಗತೈತಿ, ನೀವ ಹೇಳ್ರಿ."

ದಾರಿಯುದ್ದಕ್ಕೂ ಆ ಮುದುಕಿಯನ್ನು ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದೆ. ಎದುರಿಗೆ ನೋಡಿದರೆ, ಸೊಸೆ ಸಾಯದಿರಲಿ ಅಂತ ತನಗೆ ಗೊತ್ತಿದ್ದ ಒಂದೇ ಮದ್ದನ್ನು ಕೊಟ್ಟ ಹೆಂಗಸು ನಿಂತಿದ್ದಳು. ಐದರಲ್ಲಿ ಎಷ್ಟು ಉಳಿದವು ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಗಂಡ ಭಾನುವಾರವೂ ಕೆಲಸಕ್ಕೆ ಹೋಗಿದ್ದ, ಒಳಗೆ ಅವಳೊಬ್ಬಳೇ ಚಾಪೆಯ ಮೇಲೆ ಮಲಗಿದ್ದಳು. ಮೊದಲಿಗಿಂತ ಸೊರಗಿದ್ದಳು. ದವಾಖಾನೆಯಿಂದ ಬಂದ ದಿನವೇ ಹೆದರಿ ಆ ಗುಳಿಗೆ ಬಿಟ್ಟಿದ್ದಳಂತೆ, ಅವತ್ತಿನಿಂದ ಒಂದು ತುತ್ತೂ ಸರಿಯಾಗಿ ನಿಂತಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಅವಳು ಮೇಲಿನ ತಗಡನ್ನೇ ನೋಡುತ್ತಿದ್ದಳು. ಹಾಗೆಯೇ, ಸಿಟ್ಟಿಲ್ಲದೆ ಹೇಳಿದಳು:

"ನೀವು ನಮ್ಮ ಮಾತು ಆಡ್ತೀರಂತ ನಿಮ್ಮ ಮುಂದ ಹೇಳಿದ್ನಿ ಅಕ್ಕಾರ. ತೆಲುಗಿನಾಕಿ ಆಗಿದ್ರ ಹೇಳತಿದ್ದಿಲ್ಲ."

ಇಷ್ಟು ವರ್ಷ ಬೈಗುಳ ತಿಂದಿದ್ದೇನೆ, ಅತ್ತೆಮನೆಯಲ್ಲಿ ಬಂಜೆ ಅನ್ನಿಸಿಕೊಂಡಿದ್ದೇನೆ. ಯಾವುದೂ ಇಷ್ಟು ಆಳಕ್ಕೆ ಇಳಿದಿರಲಿಲ್ಲ. ತಪ್ಪಾಯಿತು ಅಂದೆ. ನನ್ನ ಎರಡು ಬಸುರಿನ ವಿಷಯ ಅವಳಿಗೆ ಹೇಳಿದೆ. ಅದನ್ನು ನಾನು ತಂಗಿಯ ಮುಂದೆಯೂ ಪೂರ್ತಿ ಹೇಳಿದವಳಲ್ಲ. ನಿನ್ನ ಹೊಟ್ಟೆ ನೋಡಿ ನನಗೆ ಹೊಟ್ಟೆಕಿಚ್ಚಾಗಿತ್ತು, ಅದಕ್ಕೇ ಆ ದನಿಯಲ್ಲಿ ಹೇಳಿದೆ ಅಂದೆ. ಅವಳು ತಿರುಗಿ ನನ್ನನ್ನು ನೋಡಿದಳು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ ಒಳಗೆ ಬಂದು ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಇಟ್ಟಳು.

ನಮ್ಮ ದವಾಖಾನೆಗೆ ವಾರದಲ್ಲಿ ಎರಡು ದಿನ ಒಬ್ಬರು ಹಿರಿಯ ಡಾಕ್ಟರು ಬರುತ್ತಿದ್ದರು. ಹಳೆಯ ಶಹರದವರು, ದಖ್ಖನಿ ಉರ್ದು ಮಾತಾಡುವ ಹೆಂಗಸು, ಅರವತ್ತು ದಾಟಿದವರು. ಮುಂದಿನ ಮಂಗಳವಾರ ಅವರ ಸರದಿ. ಅತ್ತೆ ಸೊಸೆ ಇಬ್ಬರನ್ನೂ ಬರಹೇಳಿದೆ. ಅವರು ಬರುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ಬಂದರು. ನಾನು ಗೇಟಿನಿಂದಲೇ ಕರೆದುಕೊಂಡು, ಬೆಂಚಿನ ಸಾಲು ತಪ್ಪಿಸಿ, ಹಿಂದಿನ ಬಾಗಿಲಿನಿಂದ ಒಳಗೆ ಹೋದೆ. ಒಳಗೆ ಹೋಗುವ ಮೊದಲು ಅವಳನ್ನು ಕೇಳಿದೆ, "ಹೇಳಲೇನು?" ಅವಳು ಹೂಂ ಅಂದಳು.

ಗುಳಿಗೆಯ ವಿಷಯ, ಅವತ್ತು ಹೊರಗೆ ನಡೆದದ್ದು ಎಲ್ಲ ಹೇಳಿದೆ. ಹಿರಿಯ ಡಾಕ್ಟರು ಮುಖದ ಒಂದು ಗೆರೆಯನ್ನೂ ಅಲುಗಿಸದೆ ಕೇಳಿದರು. ಆಮೇಲೆ ನನಗೆ ಹೇಳಿದರು, ಈ ಸುತ್ತಿನ ದೊಡ್ಡ ದೊಡ್ಡ ಫ್ಲ್ಯಾಟುಗಳಿಂದ ನನ್ನ ಸ್ವಂತ ಕ್ಲಿನಿಕ್ಕಿಗೆ ಬರುವ ಹುಡುಗಿಯರೂ ಬಾಗಿಲು ಹಾಕಿಸಿ, ಗಾಂಜಾ ಸೇದಿದ್ದೇನೆ, ಮಗುವಿಗೆ ಏನಾದರೂ ಆಗುತ್ತದಾ ಅಂತ ಕೇಳುತ್ತಾರೆ, ಅಲ್ಲಿ ಮಾತ್ರ ಯಾರೂ ಅವರಿಗೆ ಛೀ ಅನ್ನುವುದಿಲ್ಲ, ಕೆಲಸದ ಒತ್ತಡ ಅನ್ನುತ್ತಾರೆ. ಇದನ್ನು ಅವಳಿಗೆ ಹೇಳು ಅಂದರು. ಹೇಳಿದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ಆಮೇಲೆ ಡಾಕ್ಟರು ಒಂದೊಂದೇ ಮಾತು ನಿಧಾನವಾಗಿ ಹೇಳಿದರು, ನಾನು ಒಂದೊಂದೇ ಮಾತು ನಿಧಾನವಾಗಿ ದಾಟಿಸಿದೆ. ತಾಯಿ ತಗೊಂಡದ್ದು ಹೊಕ್ಕುಳ ಬಳ್ಳಿಯಿಂದ ಕೂಸಿಗೂ ಹೋಗುತ್ತದೆ. ಕೂಸು ಸಣ್ಣದಾಗಿ ಹುಟ್ಟಬಹುದು. ಎಷ್ಟು ತಗೊಂಡರೆ ಏನೂ ಆಗುವುದಿಲ್ಲ ಅಂತ ಯಾರಿಗೂ ಹೇಳಲು ಬರುವುದಿಲ್ಲ, ಆದ್ದರಿಂದ ತಗೊಳ್ಳದೇ ಇರುವುದು ಒಳ್ಳೆಯದು. ಆದರೆ ವಾಂತಿ ನಿಲ್ಲಿಸದೆ ಇದನ್ನು ಬಿಡು ಅಂದರೆ ಇವಳು ಬದುಕುವುದು ಹೇಗೆ, ಮೊದಲು ಅದಕ್ಕೆ ಔಷಧ ಕೊಡಬೇಕು. ಎರಡು ದಿನ ಇಲ್ಲೇ ಮಲಗಲಿ, ಸಲೈನು ಹಾಕೋಣ.

ಅತ್ತೆ ಮತ್ತೆ ಮಠದ ಮಾತು ಎತ್ತಿದಳು. ಡಾಕ್ಟರು ಅವಳ ಕೈ ಹಿಡಿದುಕೊಂಡು, "ಅಮ್ಮಾ, ದೊಡ್ಡವರು ತಗೊಳ್ಳೋದು ಅವರ ಇಷ್ಟ. ಒಳಗಿರೋ ಕೂಸಿಗೆ 'ನನಗೆ ಬೇಡ' ಅಂತ ಹೇಳೋಕಾಗಲ್ಲ. ಅದರ ಪರವಾಗಿ ನಾವೇ ಹೇಳಬೇಕು" ಅಂದರು. ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳಿದಾಗ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು.

ಆಗ ಸೊಸೆ ಕೇಳಿದಳು, "ಈಗಾಗಲೇ ತಗೊಂಡಿದ್ದಕ್ಕ ಕೂಸಿಗೆ ಏನಾರ ಆಗಿರತೈತೇನು, ಕೇಳ್ರಿ."

ಕೇಳಿದೆ. ಡಾಕ್ಟರು, "ಗೊತ್ತಿಲ್ಲ. ಆಗಿರಲಿಕ್ಕಿಲ್ಲ ಅಂತ ಆಸೆ ಇದೆ" ಅಂದರು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಏನೂ ಆಗಿಲ್ಲಂತ ಅಂದುಬಿಡಲೇ ಅನ್ನಿಸಿತು. ಅನ್ನಲಿಲ್ಲ. "ಗೊತ್ತಿಲ್ಲಂತ. ಆಗಿರಲಿಕ್ಕಿಲ್ಲಂತ ಆಸೆ ಅದಂತ," ಅಂದೆ. ಅವಳು ತಲೆಯಾಡಿಸಿದಳು.

ಅಲ್ಲಿಂದ ಮುಂದಿನ ನಾಲ್ಕು ತಿಂಗಳಿನಂಥ ದಿನಗಳು ನನ್ನ ಬದುಕಿನಲ್ಲಿ ಮತ್ತೆ ಬಂದಿಲ್ಲ. ಎರಡು ವಾರಕ್ಕೊಮ್ಮೆ ಅವಳು ಬರುತ್ತಿದ್ದಳು. ಔಷಧ ಹಿಡಿಯಿತು, ವಾಂತಿ ಪೂರ್ತಿ ನಿಲ್ಲದಿದ್ದರೂ ಉಣ್ಣಲಿಕ್ಕೆ ಆಗುತ್ತಿತ್ತು. ಕೆನ್ನೆ ತುಂಬಿಕೊಂಡವು. ತಪಾಸಣೆ ಮುಗಿದ ಮೇಲೆ ನನ್ನ ಕೌಂಟರಿನ ಒಳಗೆ ಬಂದು ಸ್ಟೂಲಿನ ಮೇಲೆ ಕೂಡುತ್ತಿದ್ದಳು. ಅತ್ತೆ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ನನಗೂ ಕೊಡುತ್ತಿದ್ದಳು. ಅಕ್ಕಾರ ಅನ್ನುತ್ತಿದ್ದವಳು ಯಾವಾಗಲೋ ಯಕ್ಕಾ ಅನ್ನತೊಡಗಿದಳು. ನೀವು ಹೋಗಿ ನೀನು ಬಂತು. ಇದೆ ಅನ್ನಲು ನಾನು 'ಅದ' ಅಂದರೆ ಅವಳು 'ಐತಿ' ಅಂದು ಅಣಕಿಸುವಳು. ಆ ನರ್ಸು ಹಾಯುವಾಗ ಮಾತ್ರ ಇಬ್ಬರೂ ಸುಮ್ಮನಾಗುತ್ತಿದ್ದೆವು.

ಆರನೆಯ ತಿಂಗಳಿನಲ್ಲಿ ಒಮ್ಮೆ ಬಂದವಳು ಸ್ಟೂಲಿನ ಮೇಲೆ ಕೂಡಲಿಲ್ಲ. ಹೋದ ವಾರ ಮಾತ್ರೆ ತೀರಿತ್ತಂತೆ, ಕೆಲಸ ಬಿಟ್ಟು ಬರಲು ಮೇಸ್ತ್ರಿ ಬಿಟ್ಟಿರಲಿಲ್ಲ. ಮೂರು ದಿನ ಏನೂ ನಿಲ್ಲದೆ ಹೋಗಿ ನಾಲ್ಕನೆಯ ದಿನ ಆ ಗುಳಿಗೆ ಒಂದು ತಗೊಂಡಿದ್ದಳು.

"ಅತ್ತಿ ಕೊಡಲಿಲ್ಲ ಯಕ್ಕಾ, ನಾನಽ ಹುಡುಕಿ ತಗೊಂಡ್ನಿ. ಈ ಸಲ ನೀನಽ ಡಾಕ್ಟರಿಗೆ ಹೇಳು. ನಾ ಹೇಳಂದೀನಿ."

ಹೇಳಿದೆ. ಹಿರಿಯ ಡಾಕ್ಟರು ಬೈಯಲಿಲ್ಲ. ಒಂದು ತಿಂಗಳಿಗಾಗುವಷ್ಟು ಮಾತ್ರೆ ಒಟ್ಟಿಗೇ ಕೊಡಿಸಿದರು, ತೀರುವ ಮೊದಲೇ ನನಗೆ ಫೋನು ಮಾಡಬೇಕೆಂದು ಅವಳಿಂದ ಮಾತು ತಗೊಂಡರು. ಆ ದಿನ ಹೊರಡುವಾಗ ಅವಳು ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನಿಂದ ಒಂದು ಸಣ್ಣ ಒದೆತ. ನಾನು ಕೈ ತೆಗೆಯಲಿಲ್ಲ. ಮುಂದೆ ಸರದಿಯಲ್ಲಿ ನಿಂತ ಹೆಂಗಸು ಕಾರ್ಡು ಚಾಚಿಕೊಂಡೇ ನಿಂತಿದ್ದಳು. ನನ್ನ ಎರಡೂ ಬಸುರುಗಳು ಆ ಒದೆತದವರೆಗೆ ಬಂದಿರಲಿಲ್ಲ.

ದಿನ ತುಂಬುವುದಕ್ಕೆ ಎರಡು ವಾರ ಇರುವಾಗ ಹೆರಿಗೆಯಾಯಿತು. ಹೆಣ್ಣು. ಸಣ್ಣ ಕೂಸು, ತೂಕ ಇರಬೇಕಾದಷ್ಟು ಇರಲಿಲ್ಲ. ಆರು ದಿನ ಮಕ್ಕಳ ಕೋಣೆಯ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟರು. ಸಣ್ಣದಾಗಿದ್ದು ಆ ಸೊಪ್ಪಿನಿಂದಲೋ, ಮೊದಲ ತಿಂಗಳುಗಳ ಹಸಿವಿನಿಂದಲೋ, ಏಳನೆಯ ತಿಂಗಳಿನವರೆಗೂ ಹೊತ್ತ ಬುಟ್ಟಿಯಿಂದಲೋ, ಯಾರಿಗೂ ಹೇಳಲು ಬರಲಿಲ್ಲ. ನರ್ಸು, ನಾನು ಅವತ್ತೇ ಹೇಳಿರಲಿಲ್ಲವಾ ಅಂತ ಶುರು ಮಾಡಿದಳು. ಹಿರಿಯ ಡಾಕ್ಟರು, ಹಾಲು ಹಿಂಡಲು ಅವಳಿಗೆ ಬಟ್ಟಲು ತಂದುಕೊಡು ಅಂದರು. ನರ್ಸು ಹೋದಳು. ಬಟ್ಟಲನ್ನು ಬಿಸಿನೀರಿನಲ್ಲಿ ತೊಳೆದು ತಂದಳು.

ಆ ವಾರ ನಾನು ಸುಲ್ತಾನ್ ಬಜಾರಿಗೆ ಹೋದೆ. ಮಕ್ಕಳ ಬಟ್ಟೆಯ ಓಣಿಯನ್ನು ವರ್ಷಗಟ್ಟಲೆ ತಪ್ಪಿಸಿ ಓಡಾಡಿದವಳು ಅವತ್ತು ಒಂದು ಅಂಗಡಿಯ ಮುಂದೆ ನಿಂತು ಹತ್ತಿಯ ಅಂಗಿ, ಕುಲಾವಿ ತೆಗೆಸಿ ತೆಗೆಸಿ ನೋಡಿದೆ. ಅಂಗಡಿಯವನು, ಮಗು ನಿಮ್ಮದಾ ಅಂತ ಹಿಂದಿಯಲ್ಲಿ ಕೇಳಿದ. ಹೌದು ಅಂದುಬಿಟ್ಟೆ. ಯಾಕೆ ಅಂದೆನೋ. ಬಸ್ಸಿನಲ್ಲಿ ಕೂತು ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಾಗ ನಾಚಿಕೆಯಾಯಿತು, ಆದರೂ ಆ ಸುಳ್ಳನ್ನು ಮನೆ ಮುಟ್ಟುವವರೆಗೆ ಬಾಯಲ್ಲಿ ಇಟ್ಟುಕೊಂಡೇ ಬಂದೆ. ಅಂಗಿಗಳೆಲ್ಲ ಕೂಸಿಗೆ ದೊಡ್ಡವಾದವು. ಅವಳು ನಕ್ಕು, ತೋಳು ಮಡಚಿ ತೊಡಿಸಿದಳು.

ಮೂರೂವರೆ ತಿಂಗಳು ಕೂಸು ನನ್ನ ಕಣ್ಣೆದುರಿಗೆ ಬೆಳೆಯಿತು. ಭಾನುವಾರ ಬಂತೆಂದರೆ ನಾನು ಆ ಶೆಡ್ಡಿನಲ್ಲಿ. ಅತ್ತೆ ಎಣ್ಣೆ ತಿಕ್ಕಿ ಎರೆದರೆ ನಾನು ಒರೆಸುತ್ತಿದ್ದೆ. ನನ್ನ ಮನೆಯವರೂ ಒಮ್ಮೆ ಬಂದು, ಎತ್ತಿಕೊಳ್ಳಲು ಹೆದರಿ, ಒಂದೇ ಬೆರಳಿನಿಂದ ಕೂಸಿನ ಪಾದ ಮುಟ್ಟಿ ನೋಡಿದರು. ತಪಾಸಣೆಯಲ್ಲಿ ಡಾಕ್ಟರು ಕಣ್ಣಾಡಿಸುವುದು, ಕತ್ತು ನಿಲ್ಲಿಸುವುದು, ಸಪ್ಪಳಕ್ಕೆ ತಿರುಗುವುದು ಎಲ್ಲ ನೋಡಿ, ಚೆನ್ನಾಗಿದ್ದಾಳೆ ಅಂದರು. ಅವಳು ಅದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡಳು.

ಆಮೇಲೆ ಕಟ್ಟಡ ಮುಗಿಯಿತು. ಮೇಸ್ತ್ರಿ ಇಡೀ ಗುಂಪನ್ನು ಪುಣೆಯ ಕಡೆ ಕೆಲಸಕ್ಕೆ ಕರೆದುಕೊಂಡು ಹೋದ. ಹೊರಡುವ ಮುಂಚಿನ ದಿನ ಅವಳು ದವಾಖಾನೆಗೆ ಬಂದು ಕೂಸನ್ನು ನನ್ನ ಮಡಿಲಲ್ಲಿ ಹಾಕಿ, ತಾನು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತಳು. ಅರ್ಧ ತಾಸು ಬರಲಿಲ್ಲ. ಬೇಕೆಂದೇ ಹಾಗೆ ಮಾಡಿದಳೆಂದು ನನಗೆ ತಿಳಿಯಿತು. ಕೂಸು ನನ್ನ ಬೆರಳು ಹಿಡಿದುಕೊಂಡೇ ಮಲಗಿತು. ನಾನು ಒಂದು ಕೈಯಲ್ಲಿ ಹೆಸರುಗಳನ್ನು ಟೈಪು ಹೊಡೆಯುತ್ತಿದ್ದೆ.

ಪುಣೆಯಿಂದ ಎರಡು ಸಲ ಫೋನು ಬಂತು. ಮೊದಲನೆಯ ಸಲ, ಕೂಸು ಬೋರಲು ಬೀಳುತ್ತಾಳೆ ಅಂದಳು. ಎರಡನೆಯ ಸಲ, ಒಬ್ಬಳೇ ಕೂತು ಆಡುತ್ತಾಳೆ ಅಂದಳು, ಮಾತಾಡು ಅಂತ ಫೋನನ್ನು ಅದರ ಬಾಯಿಗೆ ಹಿಡಿದಳು. ಉಸಿರಿನ ಸದ್ದು, ನಡುವೆ ಒಂದು ಗೊಗ್ಗರ ನಗು. ಆಮೇಲೆ ಆ ನಂಬರು ಹತ್ತಲಿಲ್ಲ. ಅವರ ಹಳ್ಳಿಯ ಕಡೆಯವರು ಯಾರಾದರೂ ಬಂದರೆ ಕೇಳುತ್ತೇನೆ. ಕೆಲವರು ಪುಣೆಯಲ್ಲೇ ಇದ್ದಾರೆ ಅನ್ನುತ್ತಾರೆ, ಒಬ್ಬಾಕೆ ಗೋವಾ ಅಂದಳು.

ನನಗೆ ಮತ್ತೆ ಬಸುರು ನಿಲ್ಲಲಿಲ್ಲ. ಕನ್ನಡದ ಹೆಂಗಸು ಒಳಗೆ ಹೋದರೆ ಈಗಲೂ ನನ್ನನ್ನೇ ಕರೆಯುತ್ತಾರೆ. ಹೋಗಿ ನಿಂತು, ಮಾತು ಶುರುವಾಗುವ ಮೊದಲು, ಏನು ಹೇಳಿದರೂ ನಿನ್ನ ಕೇಳಿಯೇ ಹೇಳುತ್ತೇನೆ ಅನ್ನುತ್ತೇನೆ. ಆ ಹುಡುಗಿಗೆ ಈಗ ನಾಲ್ಕು ತುಂಬಿರಬೇಕು. ಯಾವುದೋ ಊರಿನ ಕಟ್ಟಡದ ಮರಳಿನ ಗುಡ್ಡೆಯ ಮೇಲೆ ಆಡುತ್ತಿರಬಹುದು, ಮರಾಠಿ ಕಲಿತಿರಬಹುದು, ಕೊಂಕಣಿ ಕಲಿತಿರಬಹುದು. ಮನೆಯಲ್ಲಿ ಅಜ್ಜಿಯ ಜೊತೆ ಮಾತಾಡುವಾಗ ಐತಿ ಅನ್ನುತ್ತಿರಬಹುದು. ಅದನ್ನು ಒಂದು ಸಲ ಕೇಳಬೇಕು ಅನ್ನಿಸುತ್ತದೆ.